ಒಂದೂವರೆ ಮಿಲಿಮೀಟರ್

ಕೌನಸ್ ನಗರದ ಮಾರುಕಟ್ಟೆಯಲ್ಲಿ ಡಾಕ್ಟರ್ ವೈವಾ ಅವರನ್ನು ಮೊದಲ ಸಲ ಕಂಡಾಗ ಆಹಾರ ಇಲಾಖೆಯ ಇನ್ಸ್‌ಪೆಕ್ಟರೆಂದೇ ನಾನು ಭಾವಿಸಿದ್ದೆ. ಹೊಗೆಯಾಡಿಸಿದ ಹಂದಿಕೊಬ್ಬಿನ ಪಟ್ಟಿಯನ್ನು ಊರವರೆಲ್ಲ ಬೆರಳಿಟ್ಟು ದಪ್ಪ ನೋಡಿ ಕೊಳ್ಳುವಲ್ಲಿ, ಮೊಣಕೈ ಸವೆದ ಬೂದುಕೋಟಿನ ಈ ಹೆಂಗಸು ಜೇಬಿನಿಂದ ಗೆರೆ ಕೊರೆದ ಉಕ್ಕಿನ ಕಡ್ಡಿ ತೆಗೆದು, ಕೊಬ್ಬಿಗೆ ಚುಚ್ಚಿ, ಅಂಕಿ ಓದುತ್ತಿದ್ದರು. ಅಂಗಡಿಯಾಕೆ ನಕ್ಕಳು: "ಹೆದರ್ಬೇಡಿ, ಹಲ್ಲಿನ ಡಾಕ್ಟ್ರು. ಅಳೆಯೋದು ಅಂಗಡಿಯೆಲ್ಲ, ತಗೊಳ್ಳೋದು ಮಾತ್ರ ಅಂಗೈಯಷ್ಟು."

ಅಳೆಯದೆ ಅವರು ಏನನ್ನೂ ನಂಬರು. ಹೆಪ್ಪುಗಟ್ಟಿದ ಕೆರೆಯ ಮೇಲೆ ನೂರು ಜನ ಆಗಲೇ ಗಾಳ ಹಾಕಿ ಕೂತಿದ್ದರೂ, ತಾವೇ ತೂತು ಕೊರೆದು ಮಂಜುಗಡ್ಡೆಯ ದಪ್ಪ ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ಆ ಎಚ್ಚರ ಕಾಲಿಗಂಟಿ, ಬೇಸಿಗೆಯ ರಸ್ತೆಯಲ್ಲೂ ಅವರು ನೆಲವನ್ನು ವಿಚಾರಿಸುತ್ತಲೇ ನಡೆಯುತ್ತಿದ್ದರು.

ಒಂದು ಜನವರಿಯಲ್ಲಿ ನನ್ನ ನೆರೆಯವರಾದ ರಿಮ್‌ಗೌದಸ್ ಅವರನ್ನು ಈ ವೈವಾ ಬಳಿಗೆ ಕರೆದೊಯ್ದೆ. ಊರಿನ ವಾದ್ಯಮೇಳದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೊದಲ ಟ್ರಂಪೆಟ್ ಅವರದು. ಆ ಕುರ್ಚಿಯನ್ನು ಅವರು ಸಿಂಹಾಸನವೆಂದೇ ತಿಳಿದಿದ್ದರು. ಈಗ ತುಟಿಗೆ ಆಧಾರವಾಗಿದ್ದ ಮುಂದಿನ ಹಲ್ಲು ಹೋಗಿ ಊದಲಾಗುತ್ತಿರಲಿಲ್ಲ, ಜುಲೈಯಲ್ಲಿ ಹಾಡಿನ ಮಹೋತ್ಸವವಿತ್ತು. ಕೂಡಲೇ ದವಡೆಗೆ ಟೈಟಾನಿಯಂ ತಿರುಪು ಬಿಗಿದರೆ ಅಷ್ಟರೊಳಗೆ ಅದರ ಮೇಲೆ ಹೊಸ ಹಲ್ಲು ಸಿದ್ಧವಾದೀತು.

ವೈವಾ ವಸಡಿಗೆ ಕಡ್ಡಿ ಇಳಿಸಿದರು. "ಮೂಳೆ ಕಲ್ಲಿನಂಗಿದೆ. ವಸಡಿನ ದಪ್ಪ ಒಂದೂವರೆ ಮಿಲಿಮೀಟರ್, ಸಾಲದು. ಅಂಗುಳಿಂದ ಒಂದು ತುಂಡು ತೆಗೆದು ಇಲ್ಲಿ ಹೊಲೀಬೇಕು. ತಿರುಪು ಆಮೇಲೆ. ಹಲ್ಲು ಅಕ್ಟೋಬರಿಗೆ."

"ಅಕ್ಟೋಬರಾ! ಹಬ್ಬ ಮುಗಿದ್ಮೇಲೆ ಆಲೂಗೆಡ್ಡೆ ಅಗಿಯೋಕಾ? ಮೂಳೆ ಗಟ್ಟಿಯಿದ್ರೆ ಸಾಲ್ದಾ ಡಾಕ್ಟ್ರೇ?"

"ಹೊದಿಕೆ ಚಿಕ್ಕದಾದ್ರೆ ಮಲಗಿದೋನು ಕಾಲು ಮಡಚ್ಕೋತಾನೆ. ಮೂಳೆನೂ ಅಷ್ಟೇ, ಹಿಂದಕ್ಕೆ ಸರಿಯುತ್ತೆ."

"ನಾನು ಯಾರು ಅಂತ ಗೊತ್ತಾ ನಿಮಗೆ?"

"ಒಂದೂವರೆ ಮಿಲಿಮೀಟರ್."

ರಿಮ್‌ಗೌದಸ್ ಧಡಕ್ಕನೆ ಎದ್ದರು. "ಬೇರೆಯವರು ನಾಳೇನೇ ಹಾಕ್ಕೊಡ್ತಾರೆ!"

"ಹಾಕ್ತಾರೆ. ನಾನೂ ಹಾಕಿದ್ದೆ," ಎಂದು ವೈವಾ ಮೇಜಿನ ಖಾನೆಯಿಂದ ಹಳೆಯ ಎಕ್ಸ್‌ರೇ ಒಂದನ್ನು ತೆಗೆದು ಬೆಳಕಿಗೆ ಹಿಡಿದರು. ತಿರುಪಿನ ಸುತ್ತ ಮೂಳೆ ಬಟ್ಟಲಿನಂತೆ ಕರಗಿತ್ತು. "ಒಂದೇ ವರ್ಷದಲ್ಲಿ."

"ಯಾರದಿದು?"

"ನಮ್ಮಮ್ಮಂದು."

ರಿಮ್‌ಗೌದಸ್ ಮತ್ತೆ ಕುಳಿತರು.

ಆ ಜುಲೈಯಲ್ಲಿ ಅವರು ಕೊನೆಯ ಸಾಲಿನಲ್ಲಿ ನಿಂತು ಕಂಚಿನ ತಾಳ ಬಡಿದರು, ಯಾರ ಮೇಲೋ ಸೇಡು ತೀರಿಸಿಕೊಳ್ಳುವವರಂತೆ. ಅಕ್ಟೋಬರಿನಲ್ಲಿ ಹಲ್ಲು ಬಂತು. ಕುರ್ಚಿ ಮಾತ್ರ ಪೂರ್ತಿ ಬರಲಿಲ್ಲ. ಅವರು ಇಷ್ಟು ಕಾಲ ಹೀಗಳೆದ ಎರಡನೆಯ ಟ್ರಂಪೆಟ್ಟಿನವನು ಈಗ ಅದರಲ್ಲಿ ಸರದಿಯ ಪಾಲುದಾರ.

ವರ್ಷದ ಮೇಲೆ ರಿಮ್‌ಗೌದಸ್ ತಪಾಸಣೆಗೆ ಹೋದಾಗಲೂ ನಾನು ಜೊತೆಗಿದ್ದೆ. ಎಕ್ಸ್‌ರೇಯಲ್ಲಿ ಮೂಳೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ತಮ್ಮ ತಪ್ಪನ್ನು ಮೇಜಿನಲ್ಲಿಟ್ಟುಕೊಂಡು ಬದುಕುವ ಜನ ಇಂಥ ಗೆಲುವಿಗೂ ಹಿಗ್ಗುವುದಿಲ್ಲ, ಪರರ ಹಿಗ್ಗಿಗೆ ಗಾಳಿ ಹಾಕುವುದೂ ಇಲ್ಲ. ಇದರ ಅರಿವಿಲ್ಲದ ರಿಮ್‌ಗೌದಸ್ ಎದೆಯುಬ್ಬಿಸಿ ಕೇಳಿದರು: "ಈಗಾದ್ರೂ ಒಪ್ಕೊಳ್ಳಿ ಡಾಕ್ಟ್ರೇ, ಮೂಳೆ ಉಳಿದಿದ್ದು ನನ್ನ ತಾಳ್ಮೆಯಿಂದ ತಾನೆ?"

"ಅಲ್ಲ," ಎಂದರು ವೈವಾ. "ನಿಮ್ಮ ಅಂಗುಳಿನ ತುಂಡಿಂದ. ಬಾಯಿ ತೆಗೀರಿ."