ಬೀದಿಯವರ ಟಪಾಲಣ್ಣ

"ಅಕ್ಕಾ, ಬರಲ್ಲ ಅಂತ ಮಾತ್ರ ಅನ್ನಬೇಡಿ," ಎಂದ ಕ್ಷೌರಿಕ, ಆಸ್ಪತ್ರೆಯ ಲಾಂಡ್ರಿ ಬಾಗಿಲಲ್ಲೇ ನಿಂತು. ಒಳಗಿನ ಹಬೆಗೆ ಅವನ ಕನ್ನಡಕ ಮಂಜಾಗಿತ್ತು. ಅದನ್ನು ಒರೆಸಿಕೊಳ್ಳದೆ, ಅವಳು ಇರಬಹುದಾದ ಕಡೆ ಅಂದಾಜಿನ ಮೇಲೆ ಮುಖ ಮಾಡಿದ್ದ. "ಭಾನುವಾರ ಸಂಜೆ ನಮ್ಮ ಅಂಗಡಿ ಮುಂದೆ ನಾಲ್ಕು ಕುರ್ಚಿ ಹಾಕ್ತೀವಿ. ದೊಡ್ಡದೇನಲ್ಲ. ಟಪಾಲಣ್ಣನ ಬಗ್ಗೆ ಬೀದಿಯವರು ಎರಡೆರಡು ಮಾತಾಡಬೇಕು ಅಂತ. ನೀವು ಬಂದು ಕೂತ್ರೆ ಸಾಕು."

ಅವಳ ಕೈಯಲ್ಲಿ ಹಾಸಿಗೆ ಬಟ್ಟೆಯ ಎರಡು ಮೂಲೆಗಳಿದ್ದವು. ಉಳಿದೆರಡು ಮೂಲೆ ಎದುರಿಗಿದ್ದ ಜೊತೆಗಾರ್ತಿಯ ಕೈಯಲ್ಲಿ. ಇಬ್ಬರೂ ಒಮ್ಮೆ ಜಗ್ಗಿ, ನಡುವೆ ಮಡಚಿ, ಹತ್ತಿರ ಬಂದು, ಮತ್ತೆ ದೂರ ಸರಿದರು. ಹಬೆಯ ಇಸ್ತ್ರಿಯಿಂದ ಹೊರಬಂದ ಬಟ್ಟೆ ಬಿಸಿ ಇರುವಾಗಲೇ ಮಡಚದಿದ್ದರೆ ಸುಕ್ಕು ಹಾಗೇ ಕೂತುಬಿಡುತ್ತದೆ. ಹಾಗಾಗಿ ಅವಳು ಉತ್ತರಕ್ಕೆ ಅವಸರ ಮಾಡಲಿಲ್ಲ.

"ನಾನು ಬಂದು ಏನು ಮಾಡ್ಲಿ? ನಿಮಗೆ ಗೊತ್ತಿರೋ ಅಷ್ಟು ನನಗೆ ಅವರು ಗೊತ್ತಿಲ್ಲ," ಎಂದಳು.

ಕ್ಷೌರಿಕ ಅದನ್ನು ದುಃಖದ ಮಾತು ಎಂದುಕೊಂಡು ತಲೆ ತಗ್ಗಿಸಿ ಹೊರಟುಹೋದ.

ಬೀದಿಯವರು ಟಪಾಲಣ್ಣ ಎನ್ನುತ್ತಿದ್ದ ಅಂಚೆಯವನು ಅವಳ ಗಂಡ. ಅವನು ಸತ್ತದ್ದು ಆ ಕ್ಷೌರದಂಗಡಿಯ ಬೀದಿಯಲ್ಲೇ. ಏರುಬೀದಿ ಅದು. ಅರ್ಧ ದಾರಿಯಲ್ಲಿ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ, ಸುಧಾರಿಸಿಕೊಳ್ಳುವವನಂತೆ ಕೂತವನು ಮತ್ತೆ ಏಳಲಿಲ್ಲ. ಚೀಲ ಹೆಗಲಲ್ಲೇ ಇತ್ತಂತೆ. ಅದರಲ್ಲಿ ಉಳಿದಿದ್ದ ಕಾಗದಗಳನ್ನು ಅಂಚೆ ಕಚೇರಿಯಿಂದ ಇನ್ನೊಬ್ಬ ಬಂದು ಅವತ್ತೇ ಹಂಚಿ ಮುಗಿಸಿದ. ಕಾಗದಗಳೆಲ್ಲ ಅವರವರ ಮನೆ ಸೇರಿದ ಮೇಲೆ ಅವಳ ಗಂಡ ಹೆಣವಾಗಿ ತನ್ನ ಮನೆಗೆ ಬಂದ. ಇದನ್ನು ಯಾರೋ ಕೆಲಸದ ನಿಷ್ಠೆ ಎಂದು ಹೊಗಳುತ್ತ ಹೇಳಿದ್ದರು. ಅವಳು ಅದನ್ನು ಮರೆತಿರಲಿಲ್ಲ.

ಮನೆಯಲ್ಲಿ ಅವನು ಮಾತಾಡುತ್ತಿರಲಿಲ್ಲ. ಕೋಪವಿಲ್ಲ, ಕುಡಿತವಿಲ್ಲ, ಕೈ ಎತ್ತಿದವನಲ್ಲ. ಬರುತ್ತಿದ್ದ, ಬೂಟು ಬಿಚ್ಚುತ್ತಿದ್ದ, ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತ ಕೂರುತ್ತಿದ್ದ. ಅವಳು ಲಾಂಡ್ರಿಯ ಸುದ್ದಿ ಹೇಳಿದರೆ "ಹೂಂ". ಮಗಳು ಶಾಲೆಯ ಸುದ್ದಿ ಹೇಳಿದರೂ "ಹೂಂ". "ನಿಮ್ಮೋರ ಬಾಯಿಗೂ ಸ್ಟಾಂಪ್ ಅಂಟಿಸಿ ಕಳಿಸಿದಾರೇನ್ರೀ?" ಎಂದು ಪಕ್ಕದ ಮನೆಯಾಕೆ ನಗಾಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವಳೂ ನಗುತ್ತಿದ್ದಳು. ಆಮೇಲೆ ಒಂದು ದಿನ ತಡೆಯಲಾರದೆ, "ಗೋಡೆ ಜೊತೆ ಸಂಸಾರ ಮಾಡ್ದಂಗಾಯ್ತು ನಂದು" ಎಂದು ಚೀರಿದ್ದಳು. ಅವನು ಬೋಗುಣಿಯಿಂದ ಕಾಲು ತೆಗೆದು, ಒರೆಸಿಕೊಂಡು, "ಸುಸ್ತಾಗಿದೆ ಕಣೇ" ಎಂದಿದ್ದ. ಅಷ್ಟೇ. ಅದಾದ ಮೇಲೆ ಅವಳೂ ಮಾತು ಕಡಿಮೆ ಮಾಡಿದಳು. ಮಗಳು ದೊಡ್ಡವಳಾಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಆ ಮನೆಯಲ್ಲಿ ಚಮಚ ಕೆಳಗೆ ಬಿದ್ದರೆ ಮೂವರೂ ಬೆಚ್ಚುವಂತಾಗಿತ್ತು.

ಭಾನುವಾರ ಮಗಳೇ ಹಠ ಹಿಡಿದು ಅವಳನ್ನು ಹೊರಡಿಸಿದಳು. "ಜನ ಕರೆದಾಗ ಹೋಗ್ಲಿಲ್ಲ ಅಂದ್ರೆ ಚೆನ್ನಾಗಿರುತ್ತಾ ಅಮ್ಮ? ಅಪ್ಪನಿಗೋಸ್ಕರ ತಾನೆ?"

"ಅಪ್ಪನಿಗೋಸ್ಕರ," ಎಂದಳು ಅವಳು, ಚಪ್ಪಲಿ ಹುಡುಕುತ್ತ. ದನಿಯಲ್ಲಿದ್ದ ಹುಳಿ ಮಗಳಿಗೆ ತಿಳಿಯದೆ ಇರಲಿಲ್ಲ.

ಕ್ಷೌರದಂಗಡಿಯ ಮುಂದೆ ಕುರ್ಚಿಗಳು ತುಂಬಿದ್ದವು. ಉಳಿದವರು ಗೋಡೆಗೆ ಒರಗಿ, ಮೆಟ್ಟಿಲ ಮೇಲೆ ಕೂತು, ಕಿಟಕಿಗಳಿಂದ ಬಾಗಿ ಕಾಯುತ್ತಿದ್ದರು. ಮೋಡ ಕವಿದು ಬೀದಿಯೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಸ್ಟೂಲಿನ ಮೇಲೆ ಅವನ ಫೋಟೋ ಇಟ್ಟಿದ್ದರು. ಯಾರೋ ಮೊಬೈಲಿನಲ್ಲಿ ತೆಗೆದದ್ದನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ್ದರು. ಅದರಲ್ಲಿ ಅವನು ಬಾಯಿ ತುಂಬ ನಗುತ್ತಿದ್ದ. ಒಂದು ಪಕ್ಕದಲ್ಲಿ ಹಲ್ಲು ಉದುರಿದ ಜಾಗವೂ ಕಾಣುತ್ತಿತ್ತು. ಅಲ್ಲೊಂದು ಹಲ್ಲು ಇಲ್ಲವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬೇರೆ ಯಾರದೋ ಮನೆಗೆ ತಪ್ಪಿ ಬಂದವಳಂತೆ ಸೆರಗು ಬಿಗಿ ಹಿಡಿದು, ಅವಳಿಗೆಂದು ಬಿಟ್ಟಿದ್ದ ಮುಂದಿನ ಕುರ್ಚಿಯಲ್ಲಿ ಕೂತಳು.

ಕ್ಷೌರಿಕ ಮೊದಲು ಮಾತಾಡಿದ. "ನಮ್ಮ ಟಪಾಲಣ್ಣ ಬಂದ ಅಂದ್ರೆ ಮೊದಲು ಅವನ ಹಾಡು ಬರ್ತಿತ್ತು, ಹಿಂದೆ ಅವನು. ಕೆಟ್ಟ ಕಂಠ, ದೇವರಾಣೆ. ನನ್ನ ಗಿರಾಕಿಗಳು ಗಡ್ಡಕ್ಕೆ ನೊರೆ ಹಚ್ಚಿಸ್ಕೊಂಡೇ ಕಿವಿ ಮುಚ್ಕೋತಿದ್ರು!" ಎಲ್ಲರೂ ನಕ್ಕರು. ನಗುತ್ತಲೇ ಅವನು ಕನ್ನಡಕ ತೆಗೆದು ಕಣ್ಣೊತ್ತಿಕೊಂಡ.

ಟೈಲರ್ ಎದ್ದ. ಹೆಂಡತಿ ಬಿಟ್ಟುಹೋದ ವರ್ಷ ತಾನು ಅಂಗಡಿ ಬಾಗಿಲು ಹಾಕಿಕೊಂಡು ಬಿದ್ದಿರುತ್ತಿದ್ದುದನ್ನು ಹೇಳಿದ. "ದಿನಾ ಬಾಗಿಲು ಬಡೀತಿದ್ದ. ಕಾಗದ ಬಂದಿದೆ ಅಂತ ನಾನು ತೆಗೆದ್ರೆ, ಕೈ ಖಾಲಿ. ಏನಯ್ಯಾ ಅಂದ್ರೆ, 'ಬದುಕಿದೀಯೋ ಇಲ್ವೋ ನೋಡೋಣ ಅಂತ, ಸತ್ತಿದ್ರೆ ವಿಳಾಸ ಬದಲಾಯಿಸ್ಬೇಕಲ್ಲ' ಅನ್ನೋನು. ಆಮೇಲೆ ಕೂತು ಅರ್ಧ ಗಂಟೆ ಹರಟೋನು." ಅಷ್ಟು ಹೇಳಿ ಟೈಲರ್ ಕೂತುಬಿಟ್ಟ.

ಅರ್ಧ ಗಂಟೆ! ಅವಳು ಮಡಿಲಲ್ಲಿದ್ದ ಕೈಗಳನ್ನೇ ನೋಡಿದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ಅವನು ಮಾರಿಯೂ ಆಗಿರಲಿಲ್ಲ. ಮಾರಿಯಾದರೂ ಬಾಯಿ ತೆರೆಯುತ್ತದೆ. ಒಬ್ಬೊಬ್ಬರು ಎದ್ದು ಹೇಳಿದಂತೆಲ್ಲ ಅವಳ ಹೊಟ್ಟೆಯೊಳಗೆ ಏನೋ ಸಣ್ಣಗೆ ಸುಡತೊಡಗಿತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದುಂಟೇ ಎಂದು ನಾಚಿಕೆಯೂ ಆಯಿತು. ಆದರೆ ಸುಡುವುದು ನಿಲ್ಲಲಿಲ್ಲ.

ಕೊನೆಗೆ ಎದುರು ಕಟ್ಟಡದ ಬಾಗಿಲಲ್ಲಿ ಊರುಗೋಲು ಹಿಡಿದು ಕೂತಿದ್ದ ವಯಸ್ಸಾದ ಹೆಂಗಸು ಕೂತಲ್ಲಿಂದಲೇ ಮಾತಾಡಿದಳು. ಬೀದಿಯವರೆಲ್ಲ ಅವಳನ್ನು ಮೇಲ್ಮನೆ ಅಕ್ಕ ಎನ್ನುತ್ತಿದ್ದರು.

"ನನ್ನ ತಂಗಿ ನನ್ನ ಮೇಲೆ ಮುನಿಸ್ಕೊಂಡು ದೇಶ ಬಿಟ್ಟು ಹೋದ್ಳು. ಬರೀತಾಳೆ ಅಂತ ಕಾಯ್ತಾನೇ ಇದೀನಿ. ನನ್ನ ಮಂಡಿ ನಿಮಗೆ ಗೊತ್ತಲ್ಲ, ಒಂದ್ಸಲ ಇಳಿದ್ರೆ ಹತ್ತೋದು ಸಂಜೆಗೆ. ಅದಕ್ಕೆ ಅವನು ದಿನಾ ಕಿಟಕಿ ಕೆಳಗೆ ನಿಂತು, 'ಇವತ್ತಿಲ್ಲ ಅಕ್ಕಾ, ನಾಳೆ ನೋಡೋಣ' ಅಂತ ಕೂಗಿ ಹೋಗೋನು. ಮಳೆ ಬರ್ಲಿ, ಬಿಸಿಲು ಇರ್ಲಿ. ಈಗ ಬರೋ ಹೊಸ ಹುಡುಗ ಒಳ್ಳೇವನೇ. ಆದ್ರೆ ಕಾಗದ ಇದ್ದೋರ ಮನೆ ಮುಂದೆ ಮಾತ್ರ ನಿಲ್ತಾನೆ. ಇಲ್ಲ ಅಂತ ಹೇಳೋರೂ ಇಲ್ಲ ನನಗೆ ಈಗ."

ಕ್ಷೌರಿಕ ಮೆಲ್ಲಗೆ ಟಪಾಲಣ್ಣನ ಹೆಂಡತಿಯ ಬಳಿ ಬಂದು, "ಅಕ್ಕಾ, ನೀವೂ ಒಂದು ಮಾತು," ಎಂದ.

ಬೇಡವೆಂದು ತಲೆಯಾಡಿಸಬೇಕು ಅಂದುಕೊಂಡಿದ್ದಳು. ಆದರೆ ತನಗೇ ಗೊತ್ತಿಲ್ಲದೆ ಎದ್ದು ನಿಂತಳು. "ನೀವೆಲ್ಲ ಹೇಳಿದ್ದು ಕೇಳಿದೆ," ಎಂದಳು. "ನಗ್ತಿದ್ರಂತೆ, ಹಾಡ್ತಿದ್ರಂತೆ. ನಾನು ಕೇಳಿಲ್ಲ. ಚೀಲ ಖಾಲಿ ಮಾಡ್ಕೊಂಡು ಬರೋ ಹಾಗೇ ಮಾತೂ ಎಲ್ಲ ನಿಮಗೇ ಹಂಚಿ ಬರೋರು. ಮನೆಗೆ ಒಂದೂ ಉಳಿಸ್ಕೊಂಡು ಬರ್ಲಿಲ್ಲ."

ಮಗಳ ಮುಖ ಕೆಂಪಾಗಿ, ಅವಳು ನೆಲ ನೋಡತೊಡಗಿದಳು. ಟೈಲರ್ ತನ್ನದೇ ತಪ್ಪೆಂಬಂತೆ ಮುದುಡಿಕೊಂಡ. ಯಾರೋ ಚಹಾದ ಲೋಟಗಳನ್ನು ತಂದರು. ಜನಕ್ಕೆ ಕೈಯಲ್ಲಿ ಹಿಡಿದುಕೊಳ್ಳಲು ಏನಾದರೂ ಸಿಕ್ಕಿ ಜೀವ ಬಂದಂತಾಯಿತು. ಅವಳ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ.

ಊರುಗೋಲಿನ ಸದ್ದು ಹತ್ತಿರ ಬಂತು. "ಸ್ವಲ್ಪ ತೋಳು ಕೊಡ್ತೀಯೇನಮ್ಮ? ಹತ್ತಬೇಕು," ಎಂದಳು ಮೇಲ್ಮನೆ ಅಕ್ಕ.

ಮೆಟ್ಟಿಲು ಕಿರಿದಾಗಿದ್ದವು. ಒಂದೊಂದು ಮೆಟ್ಟಿಲಿಗೂ ಮುದುಕಿ ನಿಂತು ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ಹೀಗೆ ಹತ್ತಿಸುವಾಗ ಮುದುಕಿಯ ಮೈಯ ಭಾರವೆಲ್ಲ ಇವಳ ತೋಳಿಗೆ ಬರುತ್ತಿತ್ತು. ಮೇಲೆ ಒಂದೇ ಕೋಣೆ. ಒಂದು ಮಂಚ, ಸ್ಟವ್, ಗೋಡೆಯ ಗೂಟಕ್ಕೆ ನೇತು ಹಾಕಿದ ಒಂದು ನೀಲಿ ಶಾಲು. ಕಿಟಕಿಯ ಪಕ್ಕದಲ್ಲಿ ಬೆತ್ತ ಸಡಿಲಾದ ಕುರ್ಚಿ. ಮುದುಕಿ ಮಂಚದ ಮೇಲೆ ಕುಸಿದು, ಕುರ್ಚಿಯನ್ನು ಅವಳಿಗೆ ತೋರಿಸಿದಳು.

"ನಿನಗೆ ಕೋಪ ಬರೋದು ಸರಿ," ಎಂದಳು. "ನಾನು ಒಂದು ಕೇಳ್ಬೇಕು ಅಂತಿದ್ದೆ. ಮನೇಲಿ ಎಂದಾದ್ರೂ ನನ್ನ ಸುದ್ದಿ ಎತ್ತಿದ್ನಾ ಅವನು? ಸುಮ್ಮನೆ ಕೇಳ್ದೆ. ದಿನಾ ಕೂಗ್ತಿದ್ನಲ್ಲ, ಅಭ್ಯಾಸಕ್ಕೆ ಕೂಗ್ತಿದ್ನೋ, ನಿಜವಾಗ್ಲೂ ಮನಸ್ಸಲ್ಲಿ ಇತ್ತೋ ಅಂತ."

ಇಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಮುದುಕಿ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು, ಪೆಟ್ಟು ಬೀಳುತ್ತದೆಂದು ಗೊತ್ತಿರುವವಳಂತೆ ಕೂತಿದ್ದಳು.

"ಎತ್ತೋರು," ಎಂದಳು ಅವಳು.

"ಹೌದಾ?"

"ಊಟಕ್ಕೆ ಕೂತ್ರೆ ಮೊದಲು ನಿಮ್ಮದೇ. ಮೇಲ್ಮನೆ ಅಕ್ಕನಿಗೆ ಇವತ್ತೂ ಇಲ್ಲ ಅಂದು ಬಂದೆ ಕಣೇ ಅನ್ನೋರು. ಅವತ್ತು ಅನ್ನ ಸೇರ್ತಿರ್ಲಿಲ್ಲ ಅವರಿಗೆ." ಹೇಳುತ್ತ ಹೇಳುತ್ತ ಅವಳ ಕಣ್ಣು ಗೂಟದ ಕಡೆ ಹೋಯಿತು. "ನೀಲಿ ಶಾಲು ಹೊದ್ದು ಕಿಟಕೀಲಿ ಕೂತಿರ್ತಾರೆ, ದೂರದಿಂದಲೇ ಕಾಣುತ್ತೆ ಅನ್ನೋರು. ಒಂದಿನ ಕಾಣ್ಲಿಲ್ಲ ಅಂತ ಕೆಳಗೇ ಎಷ್ಟೋ ಹೊತ್ತು ಕಾದಿದ್ರಂತೆ."

"ನನಗೆ ಜ್ವರ ಇತ್ತು ಅವತ್ತು!" ಮುದುಕಿ ನೆಟ್ಟಗೆ ಕೂತಳು. "ಹೋದ ಚಳಿಗಾಲ. ಏಳೋಕಾಗಿರ್ಲಿಲ್ಲ. ಕಾದಿದ್ನಾ?"

"ಕಾದಿದ್ರು. ಜ್ವರ ಇರ್ಬೇಕು ಅಂತ ಅಂದ್ರು. ನಾನೇ ಹೋಗಿ ನೋಡ್ಬೇಕಿತ್ತು ಅಂತ ಪೇಚಾಡಿದ್ರು."

"ಅಯ್ಯೋ, ಪಾಪ. ಇನ್ನೇನಂದ?"

ಅವಳು ಹೇಳಿದಳು. ಮೊದಮೊದಲು ತಡವರಿಸಿ, ಆಮೇಲೆ ಸಲೀಸಾಗಿ. ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಅವನು ಬೀದಿಯ ಸುದ್ದಿ ಹೇಳುತ್ತಿದ್ದುದನ್ನು, ಟೈಲರನಿಗೆ ಮತ್ತೆ ಮದುವೆ ಮಾಡಿಸಬೇಕು, ಹೆಣ್ಣು ಹುಡುಕು ಎಂದು ಅವಳಿಗೇ ಹೇಳಿದ್ದನ್ನು, ಅದಕ್ಕೆ ಅವಳು ಗದರಿದ್ದನ್ನು, ಗದರಿದ್ದಕ್ಕೆ ಅವನು ಹಲ್ಲು ಬಿದ್ದ ಜಾಗ ಕಾಣುವಂತೆ ನಕ್ಕದ್ದನ್ನು. ಹೇಳಿದ ಒಂದೊಂದಕ್ಕೂ ಮುದುಕಿ ಹೂಂಗುಡುತ್ತಿದ್ದಳು, ಅಲ್ಲಲ್ಲಿ "ಅವನೇ ಅವನೇ, ಹಾಗೇ ಅನ್ನೋನು" ಎನ್ನುತ್ತಿದ್ದಳು. ತನ್ನ ಕೆನ್ನೆ ಒದ್ದೆಯಾದದ್ದು ಹೇಳುತ್ತಿದ್ದವಳಿಗೇ ತಡವಾಗಿ ತಿಳಿಯಿತು. ಒರೆಸಿಕೊಳ್ಳಲು ನಿಲ್ಲದೆ ಮಾತು ಮುಂದುವರಿಸಿದಳು.

ಕೋಣೆಯಲ್ಲಿ ಬೆಳಕು ಇಳಿಯುತ್ತಿತ್ತು. ಇಬ್ಬರೂ ದೀಪ ಹಾಕಲು ಏಳಲಿಲ್ಲ. ಕೆಳಗೆ ಬೀದಿಯಲ್ಲಿ ಕ್ಷೌರಿಕ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ಒಯ್ಯುತ್ತಿದ್ದ. ಉಳಿದ ಒಂದು ಕುರ್ಚಿಯಲ್ಲಿ ಮಗಳು ಕೂತಿದ್ದಳು. ಮೇಲಿನಿಂದ ಬರುತ್ತಿದ್ದ ಅಮ್ಮನ ದನಿಗೆ ತಲೆ ಎತ್ತಿ, ಆ ಕತ್ತಲ ಕಿಟಕಿಯನ್ನೇ ನೋಡುತ್ತಿದ್ದಳು.