ಸಿಪ್ಪೆನೀರಿನ ಸ್ನಾನ

ಒಂದು ಬೀದಿಯಿತ್ತಂತೆ. ಆ ಬೀದಿಯ ತಿರುವಿನಲ್ಲಿ ಕಿತ್ತಳೆ ಹಿಂಡಿ ಹಿಂಡಿ ಕೈಯೆಲ್ಲ ಹಳದಿಯಾದ ಒಬ್ಬ ಹೆಂಗಸಿದ್ದಳಂತೆ. ಅವಳ ಅಂಗಡಿಯ ಮಹಡಿಯ ಮೇಲೆ ಒಬ್ಬ ಒಂಟಿ ಟೈಲರ್, ಟೈಲರನ ಮೆಷಿನ್ನಿನ ಕೆಳಗೆ ಒಂದು ನಾಯಿ. ಮಂಡಿ ಆಪರೇಷನ್ನಿಗೆಂದು ಆಸ್ಪತ್ರೆಗೆ ಹೊರಟ ದಿನ ಟೈಲರ್ ಅವಳಿಂದ ಒಂದು ಮಾತು ತೆಗೆದುಕೊಂಡನಂತೆ.

"ನಾನು ವಾಪಸ್ ಬರೋ ದಿನ ಇವಳು ಈ ಮೆಟ್ಟಿಲ ಹತ್ರ ನಾಲ್ಕು ಕಾಲ ಮೇಲೆ ನಿಂತಿರಬೇಕು, ಜ್ಯೂಸಮ್ಮ. ನನಗಿನ್ಯಾರಿದಾರೆ?"

"ನಿಂತಿರ್ತಾಳೆ, ಹೋಗ್ಬನ್ನಿ," ಅಂದಳಂತೆ ಅವಳು, ಲೋಟ ತೊಳೆಯುತ್ತಲೇ.

ಅಜ್ಜಿಯರು ಹೇಳುವ ಕಥೆಯಾಗಿದ್ದರೆ ಇಲ್ಲಿಂದ ಮುಂದೆ ಏಳು ಸಮುದ್ರ ಬರಬೇಕಿತ್ತು, ಒಬ್ಬ ರಾಕ್ಷಸ ಬರಬೇಕಿತ್ತು. ಇಲ್ಲಿ ಬಂದದ್ದು ಒಂದು ಬಕೆಟ್ ಬಿಸಿನೀರು.

"ಅತ್ತಿಗೇ, ಬೇಗ ಬನ್ನಿ! ಗುಂಡಿ ಏನೋ ಥರ ಆಡ್ತಿದಾಳೆ!"

ಜ್ಯೂಸಮ್ಮ ಅರ್ಧ ಹಿಂಡಿದ ಹಣ್ಣನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದಳು. ನಾದಿನಿ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಒದ್ದೆ ಕೈಗಳನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದಳು. ಕಲ್ಲಿನ ಮೇಲೆ ನಾಯಿ. ಕೋಟಿನ ಗುಂಡಿಗಳಂಥ ಎರಡು ಕಪ್ಪು ಕಣ್ಣಿಗೆಂದೇ ಆ ಹೆಸರಿಟ್ಟಿದ್ದ ಟೈಲರ್. ಈಗ ಆ ಕಣ್ಣುಗಳು ಎಲ್ಲೋ ನೋಡುತ್ತಿದ್ದವು. ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಮೈ ನಡುಗುತ್ತಿತ್ತು. ಎದ್ದು ನಿಲ್ಲಲು ಹೋಗಿ ಹಿಂಗಾಲು ಜಾರಿ ಕುಸಿಯಿತು.

"ನಾಳೆ ಟೈಲರಣ್ಣ ಬರ್ತಾರಲ್ಲ, ಘಮಘಮ ಅನ್ನಲಿ ಅಂತ ಸಿಪ್ಪೆನೀರಲ್ಲಿ ಸ್ನಾನ ಮಾಡಿಸ್ದೆ. ಮೈಯೆಲ್ಲ ನೆಕ್ಕೊಂಡ್ಲು. ಆಮೇಲೆ ಹೀಗೆ..."

ಆ ಹಿತ್ತಲ ಒಲೆಯ ಮೇಲೆ ಸದಾ ಒಂದು ಹಂಡೆ ಕೂತಿರುತ್ತಿತ್ತು. ದಿನದ ಕಿತ್ತಳೆ ಸಿಪ್ಪೆ, ನಿಂಬೆ ಸಿಪ್ಪೆಯೆಲ್ಲ ಅದರಲ್ಲಿ ಕುದಿದು ಎಣ್ಣೆ ತೇಲುವ ಹಳದಿ ನೀರಾಗುತ್ತಿತ್ತು. ಟೇಬಲ್ ಒರೆಸಲು ಅದೇ, ನೆಲ ಸಾರಿಸಲು ಅದೇ, ನಾದಿನಿಯ ಸೊಂಟ ದಾಟಿದ ಕೂದಲಿಗೂ ಅದೇ. ಮನೆಗೆ ಬಂದ ನೆಂಟರಿಗೆ ಮೊದಲ ಮರ್ಯಾದೆ ಎಂದರೆ ಕೈಕಾಲು ತೊಳೆಯಲು ಒಂದು ತಂಬಿಗೆ ಸಿಪ್ಪೆನೀರು. ಗುಂಡಿ ಮಾತ್ರ ಆ ಹಂಡೆಯ ಹತ್ತಿರ ಬಂದರೆ ಸೀನಿ, ಮುಖ ತಿರುಗಿಸಿ ಹೋಗಿಬಿಡುತ್ತಿದ್ದಳು. "ಮಹಾರಾಣಿಗೆ ನಮ್ಮ ಹಂಡೆ ಕಂಡ್ರಾಗಲ್ಲ" ಎಂದು ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಕೈಗೆ ಸಿಕ್ಕಿದ್ದು ಹಣ್ಣಿನ ಖಾಲಿ ಪೆಟ್ಟಿಗೆ. ಅದರಲ್ಲೇ ನಾಯಿಯನ್ನು ಮಲಗಿಸಿ, ಇಬ್ಬರೂ ಎರಡು ಕಡೆ ಹಿಡಿದು ಪಕ್ಕದ ಬೀದಿಯ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಓಡಿದರು.

ಡಾಕ್ಟರಮ್ಮ ಮೂಗು ಅರಳಿಸಿ ಒಮ್ಮೆ ನಾಯಿಯನ್ನು, ಒಮ್ಮೆ ಪೆಟ್ಟಿಗೆಯನ್ನು ನೋಡಿದರು. "ಮೊದಲು ಈ ಪೆಟ್ಟಿಗೆ ಆಚೆ ಇಡಿ."

ಏನಾಯಿತೆಂದು ನಾದಿನಿ ತೊದಲುತ್ತಾ ಹೇಳಿದಳು. "ಟೈಲರಣ್ಣನ ಜೊತೆ ದಿನಾ ಒಂದು ತೊಳೆ ಕಿತ್ತಳೆ ತಿಂತಿದ್ಲು, ಮೇಡಂ. ಹಣ್ಣು ಒಗ್ಗತ್ತೆ, ಸಿಪ್ಪೆ ಇನ್ನೇನು ಮಾಡತ್ತೆ ಅಂದ್ಕೊಂಡೆ."

"ಬೀಜ ಬಿಡಿಸಿ ಒಂದೆರಡು ತೊಳೆ ಕೊಟ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ಸಿಪ್ಪೆ ಬೇರೆ. ಅದರೊಳಗಿನ ಎಣ್ಣೆ ನಾಯಿಗೆ ಆಗಿಬರಲ್ಲ. ನಿಂಬೆಯಂತೂ ಹಣ್ಣೂ ಬೇಡ, ಸಿಪ್ಪೆಯೂ ಬೇಡ. ಇವಳು ಮೈಗೂ ಹಚ್ಚಿಸ್ಕೊಂಡಿದಾಳೆ, ನೆಕ್ಕಿ ಹೊಟ್ಟೆಗೂ ಇಳಿಸಿದಾಳೆ." ಡಾಕ್ಟರಮ್ಮ ಅಂಗಿಯ ತೋಳು ಮೇಲಕ್ಕೆ ಮಡಚಿ ನಲ್ಲಿ ತಿರುಗಿಸಿದರು. ಸೋಪು ಹಚ್ಚಿ ತೊಳೆದು, ಮತ್ತೆ ತೊಳೆದು, ಒರೆಸಿ, ಸೂಜಿ ಚುಚ್ಚಿದರು. "ಬೆಚ್ಚಗಿಡಿ. ಈ ವಾಸನೆ ಇಲ್ಲದ ಜಾಗದಲ್ಲಿಡಿ. ನಡುಕ ಹೆಚ್ಚಾದ್ರೆ ಆ ಕ್ಷಣ ಕರ್ಕೊಂಡು ಬನ್ನಿ. ನಾಳೆ ಹೊತ್ತಿಗೆ ತಾನಾಗಿ ಎದ್ದು ನಿಂತ್ರೆ ಗೆದ್ದ ಹಾಗೆ."

ಜ್ಯೂಸಮ್ಮ ನಾಯಿಯ ತಲೆ ಸವರಲು ಕೈ ಚಾಚಿದಳು. ಗುಂಡಿ ಕಣ್ಣು ಮುಚ್ಚಿಕೊಂಡೇ ಮೂತಿ ಆಚೆ ತಿರುಗಿಸಿದಳು.

"ನಿಮ್ಮ ಕೈ," ಎಂದರು ಡಾಕ್ಟರಮ್ಮ, ಮೆಲ್ಲಗೆ.

ಜ್ಯೂಸಮ್ಮ ತನ್ನ ಅಂಗೈಗಳನ್ನು ಮೊದಲ ಸಲ ನೋಡುವಂತೆ ನೋಡಿದಳು. ಆ ಕೈಗಳ ಮೇಲೇ ಬೀದಿಗೆಲ್ಲ ನಂಬಿಕೆ. ಮುಟ್ಟಿದೊಡನೆ ಹಣ್ಣು ಹುಳಿಯೋ ಸಿಹಿಯೋ ಹೇಳುವ ಕೈ. ಜ್ವರ ಬಂದವರಿಗೆ ಲೋಟ ಹಿಡಿದು ಮನೆಮನೆಗೆ ಹೋಗುವ ಕೈ. ಸೆರಗನ್ನು ಕೈಗೆ ಸುತ್ತಿಕೊಂಡಳು.

ಅಂಗಡಿಯ ಶಟರ್ ಕೆಳಗಿಳಿದಾಗ ಬೀದಿಗೆ ಬೀದಿಯೇ ತಿರುಗಿ ನೋಡಿತು. ಎದುರಿನ ಪೇಪರ್ ಅಂಗಡಿಯವನು ಕೂಗಿದ: "ಏನ್ ಜ್ಯೂಸಮ್ಮ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?"

"ಹುಟ್ಟೋದಕ್ಕೆ ನಾಳೆವರೆಗೂ ಟೈಮ್ ತಗೊಂಡಿದಾನೆ, ಕಣಪ್ಪ," ಅಂದು ಅವಳು ಬೀಗ ಹಾಕಿದಳು.

ಕಿತ್ತಳೆ ವಾಸನೆಯಿಲ್ಲದ ಜಾಗ ಎಂದರೆ ಒಂದೇ, ಮಹಡಿಯ ಮೇಲಿನ ಟೈಲರನ ಕೋಣೆ. ಬೀಗ ತೆಗೆದರೆ ಅಲ್ಲಿ ಇಸ್ತ್ರಿ ಬಟ್ಟೆಯ ವಾಸನೆ, ಮೆಷಿನ್ ಎಣ್ಣೆಯ ವಾಸನೆ, ಸೀಮೆಸುಣ್ಣದ ವಾಸನೆ. ನಾಯಿಯನ್ನು ಅದರ ಹಳೇ ಚೀಲದ ಮೇಲೆ ಮಲಗಿಸಿದರು. ಜ್ಯೂಸಮ್ಮ ತಲೆಗೆ ಸ್ನಾನ ಮಾಡಿ, ಟ್ರಂಕಿನ ತಳದಲ್ಲಿದ್ದ ಸೀರೆ ಉಟ್ಟು ಬಂದಳು. ಅದರ ಮೇಲೆ ಗೋಡೆಗೆ ತೂಗುಹಾಕಿದ್ದ ಟೈಲರನ ಹಳೇ ಕೋಟು ಹಾಕಿಕೊಂಡಳು. ಕೈಗಳನ್ನು ಸೋಪಿನಲ್ಲಿ ಉಜ್ಜಿದಳು, ಬೂದಿಯಲ್ಲಿ ಉಜ್ಜಿದಳು, ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ಮೂಸಿ ನೋಡಿದರೆ ಅದೇ ಕಿತ್ತಳೆ.

"ಕಳಚಿಡೋಕಂತೂ ಆಗಲ್ಲ," ಅಂದಳು, ಬೇಸರವಿಲ್ಲದೆ.

ನಾದಿನಿ ಹೊಸಿಲಲ್ಲೇ ಕೂತು ಬಿಕ್ಕುತ್ತಿದ್ದಳು. "ನಾನೇ ಕೊಂದೆ, ಅತ್ತಿಗೆ. ನಾನೇ. ನನಗೆರಡು ಬೈದಾದ್ರೂ ಬಿಡಿ."

"ಅದಿನ್ನೂ ಉಸಿರಾಡ್ತಿದೆ. ನೀನೂ ಸ್ವಲ್ಪ ಉಸಿರಾಡು. ಹೊಲಿಯೋಕೆ ಬರತ್ತಲ್ಲ ನಿಂಗೆ?"

"ಈಗ ಹೊಲಿಯೋದಾ?"

"ಚೆನ್ನಾಗಿ ಕೈ ತೊಳ್ಕೊಂಡು ಬಾ. ಆ ಚಿಂದಿ ರಾಶಿಯಲ್ಲಿ ದಪ್ಪ ಬಟ್ಟೆ ನೋಡು. ನನ್ನ ಕೈಗೆ ಎರಡು ಚೀಲ ಹೊಲಿ. ಮೊಣಕೈವರೆಗೂ ಬರಲಿ. ಅಳ್ತಾ ಹೊಲಿದ್ರೆ ಸೊಟ್ಟ ಆಗತ್ತೆ, ನೋಡ್ಕೋ."

ನಾದಿನಿ ಮೂಗೊರೆಸಿಕೊಂಡು ಮೆಷಿನ್ನಿನ ಮುಂದೆ ಕೂತಳು. ಮೊದಲ ಚೀಲ ಸೊಟ್ಟವೇ ಆಯಿತು. ಎರಡನೆಯದು ನೆಟ್ಟಗಿತ್ತು. ಮೆಷಿನ್ನಿನ ಸದ್ದಿಗೆ ಗುಂಡಿಯ ಒಂದು ಕಿವಿ ಎದ್ದು ಮತ್ತೆ ಮಲಗಿತು. ಜ್ಯೂಸಮ್ಮ ಬೂದುಬಣ್ಣದ ಆ ಚೀಲಗಳಲ್ಲಿ ಕೈ ತೂರಿಸಿ ನಾಯಿಯನ್ನು ಮಡಿಲಿಗೆ ಎಳೆದುಕೊಂಡಳು. ಈ ಸಲ ಮೂತಿ ಆಚೆ ತಿರುಗಲಿಲ್ಲ.

"ಅತ್ತಿಗೆ, ಕರಡಿ ಥರ ಕಾಣ್ತಿದೀರಿ," ಅಂದಳು ನಾದಿನಿ, ಅಳು ನಗು ಎರಡನ್ನೂ ನುಂಗುತ್ತಾ.

"ಕರಡಿನೇ. ನೀನು ಹತ್ರ ಬರ್ಬೇಡ, ನಿನ್ನ ಜಡೆ ಇನ್ನೂ ಘಮ್ ಅಂತಿದೆ."

ಜ್ಯೂಸಮ್ಮ ರಾತ್ರಿಯಿಡೀ ಹಾಗೇ ಕೂತಿದ್ದಳು. ನಡುಕ ಬಂದಾಗ ಕೋಟಿನೊಳಗೆ ಸೇರಿಸಿಕೊಳ್ಳುವುದು, ವಾಂತಿಯಾದಾಗ ಒರೆಸುವುದು, ಮತ್ತೆ ಸೇರಿಸಿಕೊಳ್ಳುವುದು. ರಾಜಕುಮಾರನಿಗಾಗಿ ನಿದ್ದೆಗೆಟ್ಟ ರಾಣಿಯರ ಕಥೆಗಳು ಬೇಕಾದಷ್ಟಿವೆ. ಪರರ ನಾಯಿಗಾಗಿ ಪರರ ಕೋಟು ತೊಟ್ಟು ಕೂತವಳ ಕಥೆಯನ್ನು ಯಾವ ಅಜ್ಜಿಯೂ ಹೇಳಿದ್ದಿಲ್ಲ. ಹೇಳಬೇಕಿತ್ತು.

ಕಿಟಕಿಯಲ್ಲಿ ಬೆಳಕು ಬಂದಾಗ ನಡುಕ ನಿಂತಿತ್ತು. ಗುಂಡಿ ನೀರು ಕುಡಿದಳು. ಆದರೆ ಏಳಲಿಲ್ಲ. ಕಾಲು ಊರಿಸಿದರೆ ಮಡಚಿಕೊಂಡು ಕುಸಿಯುತ್ತಿದ್ದಳು. ಬಿಸಿಲು ಏರಿತು. ನಾದಿನಿ ಕಿಟಕಿಗೂ ಬಾಗಿಲಿಗೂ ಓಡಾಡಿದಳು. "ಆಟೋ ಬಂತು, ಅತ್ತಿಗೆ! ಏನಂತ ಹೇಳೋದು? ಜ್ವರ ಅಂತ ಹೇಳೋಣ್ವಾ?"

"ಆಗಿದ್ದನ್ನೇ ಹೇಳೋಣ," ಅಂದಳು ಜ್ಯೂಸಮ್ಮ. ನಾಯಿಯನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲಿಳಿದಳು.

ಟೈಲರ್ ವಾಕರ್ ಹಿಡಿದು ಆಟೋದ ಪಕ್ಕ ನಿಂತಿದ್ದ. ಮುಚ್ಚಿದ ಶಟರ್ ನೋಡಿದ, ತನ್ನ ಕೋಟು ನೋಡಿದ, ಕೋಟಿನೊಳಗಿನ ನಾಯಿ ನೋಡಿದ. ಅವನ ಮುಖ ಬಿಳಿಚಿತು.

"ಜ್ಯೂಸಮ್ಮ... ಏನಾಯ್ತು?"

"ಚಂದ ಕಾಣಲಿ ಅಂತ ಸಿಪ್ಪೆನೀರಲ್ಲಿ ಸ್ನಾನ ಮಾಡಿಸಿಬಿಟ್ವಿ, ಟೈಲರಣ್ಣ. ಅದು ನಾಯಿಗೆ ವಿಷ ಅಂತ ಗೊತ್ತಿರಲಿಲ್ಲ. ತಪ್ಪು ನಮ್ಮದು."

'ನಮ್ಮದು' ಎಂದ ಕೂಡಲೇ ಹಿಂದೆ ನಿಂತಿದ್ದ ನಾದಿನಿ ತಲೆಯೆತ್ತಿದಳು. ಟೈಲರ್ ವಾಕರನ್ನು ಒಂದು ಹೆಜ್ಜೆ ಮುಂದೆ ಇಟ್ಟ. ಕರೆದದ್ದು ಹೆಸರೊಂದನ್ನೇ.

"ಗುಂಡೀ..."

ಕೋಟಿನೊಳಗೆ ಏನೋ ಒದ್ದಾಡಿತು. ಜ್ಯೂಸಮ್ಮ ಮಂಡಿಯೂರಿ, ನಾಯಿಯನ್ನು ಕೆಳಗಿನ ಮೆಟ್ಟಿಲ ಮುಂದೆ ಇಳಿಸಿ, ಹೊಟ್ಟೆಯ ಕೆಳಗೆ ಎರಡೂ ಕೈಯಿಟ್ಟು ಹಿಡಿದಳು. ಮುಂಗಾಲು ನೆಲಕ್ಕೆ ಊರಿದವು. ಹಿಂಗಾಲು ಒಮ್ಮೆ ಜಾರಿತು, ಕಲ್ಲನ್ನು ಕೆರೆಯಿತು, ಮತ್ತೆ ಊರಿತು. ಬಾಲ ಅನುಮಾನಿಸುತ್ತಾ ಒಂದು ಕಡೆಗೆ ಹೋಗಿ ಇನ್ನೊಂದು ಕಡೆಗೆ ಬಂತು.

ಜ್ಯೂಸಮ್ಮ ಒಂದು ಕೈ ತೆಗೆದಳು. ಸ್ವಲ್ಪ ತಡೆದು, ಗುಂಡಿ ನಿಂತೇ ಇರುವುದನ್ನು ನೋಡಿ, ಬೂದುಬಣ್ಣದ ಚೀಲದೊಳಗಿನ ಇನ್ನೊಂದು ಕೈಯನ್ನೂ ಮೆಲ್ಲಗೆ ಈಚೆಗೆಳೆದುಕೊಂಡಳು.