ಎಡಗಡೆಯ ಹರುಕು

ಶೋಕದ ವಾರದ ಕೊನೆಯ ಸಂಜೆ. ಸಮರ್ಕಂದಿನ ನಮ್ಮ ಯೆಹೂದಿ ಮನೆಯ ಜಮಖಾನೆಯ ಮೇಲೆ ಜನ ಒತ್ತಿಕೊಂಡು ಕೂತಿದ್ದರು. ಹಣ್ಣಿಗೆ, ರೊಟ್ಟಿಗೆ ದೇವರ ಸ್ತುತಿ ಹೇಳಿ ತಿಂದು, ಹೋದವರ ನೆನಪೊಂದನ್ನು ಹೇಳಬೇಕು. ಅದರಿಂದ ಅವರ ಜೀವ ಮೇಲೇರುತ್ತದೆ ಎನ್ನುತ್ತಾರೆ. ನನ್ನ ಗಂಡ ಯೆಶುವೊ ಬಗ್ಗೆ ಎಲ್ಲರೂ ಹೇಳಿದರು. ಅವರ ತಂಗಿ ಬುಲೋರ್ ಮಾತ್ರ ಮೂಲೆ ಹಿಡಿದು ಕೂತಿದ್ದಳು.

ಅವಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವಳ ಮಗಳ ಮದುವೆಯಲ್ಲಿ ಬೀಗರ ಮುಂದೆ ಇವರು, “ಈ ದೊಡ್ಡ ಹೆಂಗಸಿನ ತಲೇಲಿ ಹೇನು ಹೆಕ್ಕಿದವನು ನಾನು” ಎಂದು ನಕ್ಕಿದ್ದರು. ಅಷ್ಟಕ್ಕೇ ಮೂತಿ ತಿರುಗಿಸಿದವಳು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಹಾಸಿಗೆ ಹಿಡಿದ ಮೇಲೂ ಇವರು ಹೇಳಿ ಕಳಿಸಿದರು, ಕಳಿಸುತ್ತಲೇ ಇದ್ದರು. ಮಹಾರಾಣಿ ಬಂದದ್ದು ಹೆಣ ಎತ್ತುವ ಹೊತ್ತಿಗೆ.

ಅವಳ ಶಾಲು ಜಾರಿತು. ಶೋಕಕ್ಕೆಂದು ಅವಳು ಅಂಗಿ ಹರಿದುಕೊಂಡದ್ದು ಎಡಗಡೆ, ಎದೆಯ ಮೇಲೆ.

“ಅಣ್ಣ ಸತ್ರೆ ಬಲಗಡೆ ಹರ್ಕೋತಾರೆ ಬುಲೋರ್. ಎಡಗಡೆ ಏನಿದ್ರೂ ಅಪ್ಪ ಅಮ್ಮಂಗೆ. ಅದೂ ಮರೆತುಹೋಯ್ತಾ?” ನಾಲ್ಕು ಜನರಿಗೆ ಕೇಳಲಿ ಎಂದೇ ಹೇಳಿದೆ.

“ಇಲ್ಲ ಅತ್ತಿಗೆ. ಕೈ ತಾನಾಗೇ ಆ ಕಡೆ ಹೋಯ್ತು.”

“ನನ್ನ ಈ ಬಲಗಡೆ ಹರುಕನ್ನ ತಿಂಗಳು ಕಳೆದ್ಮೇಲೆ ಹೊಲ್ಕೋಬಹುದು. ನಿನ್ನದನ್ನ ಸಾಯೋತನಕ ಸರಿಯಾಗಿ ಹೊಲಿಯೋ ಹಾಗಿಲ್ಲ.”

“ಇರ್ಲಿ ಬಿಡಿ.”

ಜಾರಿದ ಶಾಲು ಎಳೆದುಕೊಂಡು ಅವಳೇ ಬಾಯಿ ಬಿಟ್ಟಳು. “ಅಮ್ಮ ಹೋದಾಗ ನಾನಿನ್ನೂ ಮೊಣಕಾಲೆತ್ತರ. ತಲೆ ತುಂಬ ಹೇನು. ಬೋಳಿಸಿಬಿಡು ಅಂದ್ರು ಎಲ್ರೂ. ‘ಅಮ್ಮ ಜಡೆ ಹಾಕಿದ ಕೂದಲು, ಕತ್ತರಿ ಮುಟ್ಟಿಸಲ್ಲ’ ಅಂದ ಅಣ್ಣ. ದಿನಾ ಅಂಗಳದಲ್ಲಿ ಕೂರಿಸ್ಕೊಂಡು ಹೆಕ್ಕೋನು. ನಾನು ಅಳಬಾರದು ಅಂತ ಒಂದೊಂದು ಹೇನಿಗೂ ನಮ್ಮ ಬೀದಿಯವರ ಹೆಸರು. ‘ಇದು ಜಿಪುಣ ಬೋರುಖ್’ ಅನ್ನೋನು, ಉಗುರ ಮೇಲೆ ಚಟ್. ‘ಇದು ಅವನ ಹೆಂಡ್ತಿ’, ಚಟ್.”

ಮೊದಲು ನಕ್ಕವನು ಬೋರುಖನ ಮೊಮ್ಮಗನೇ. ಆಮೇಲೆ ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ವಾರದಿಂದ ಎದೆಯ ಮೇಲಿದ್ದ ಭಾರ ಸ್ವಲ್ಪ ಸರಿಯಿತು. ಅಂಗಳದಲ್ಲಿ ಕೂತ ಆ ಹುಡುಗ ಯೆಶುವೊನನ್ನು ನಾನು ಅವತ್ತೇ ಮೊದಲ ಸಲ ಕಂಡದ್ದು. ಬುಲೋರಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.

ಅವಳು ಮಾತ್ರ ನಗಲಿಲ್ಲ. “ಮದುವೇಲಿ ಅವನು ಹೇಳೋಕೆ ಹೊರಟಿದ್ದು ಇದನ್ನೇ ಅತ್ತಿಗೆ,” ಎಂದಳು. “ಮೊದಲನೇ ಮಾತಿಗೇ ನಾನು ಎದ್ದು ಹೋದೆ.”

ಆ ಮದುವೆಯ ನಂತರ ಇವರು ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.